ಮುನ್ಶಿಯವರ ಗಂಜಿಗೆ ನಾನು ಬೆರೆಸಿದ್ದು

ಕಳೆದ ತಿಂಗಳು ನಮ್ಮ ಸಭೆಯ ಹೊಸ ಪಾಸ್ಟರು ಮನೆಗೆ ಬಂದಿದ್ದರು. ಸಣ್ಣ ಪ್ರಾಯ, ಬೆವರು ಒರೆಸಿಕೊಳ್ಳುವ ಮೊದಲೇ ಮಾತು ಶುರು. "ಆಂಟಿ, ಸಭೆಯ ಸೊವೆನೀರ್ ತರ್ತಾ ಇದ್ದೇವೆ. ಹಳೇ ಇಂಗ್ಲಿಷ್ ಮ್ಯಾಗಝೀನಿನಲ್ಲಿ ಒಂದು ಬ್ಯೂಟಿಫುಲ್ ಸಾಕ್ಷಿ ಸಿಕ್ಕಿತು. ಓದುವಾಗ ಮೈ ಜುಂ ಅಂತದೆ. ನಿಮ್ಮದು ಕಾನ್ವೆಂಟ್ ಇಂಗ್ಲಿಷ್ ಅಲ್ವಾ, ಅದನ್ನು ಕನ್ನಡಕ್ಕೆ ಮಾಡಿಕೊಡ್ಬೇಕು."

ಝೆರಾಕ್ಸ್ ಮಾಡಿದ ನಾಲ್ಕು ಪುಟ. ಮುಸಲ್ಮಾನ ಗುರುವೊಬ್ಬರು ಕ್ರೈಸ್ತರಾದ ಕಥೆ, ಅವರದೇ ಮಾತಿನಲ್ಲಿ ಎಂಬ ಅರ್ಥದ ತಲೆಬರಹ. ಕನ್ನಡಕ ಹಾಕಿಕೊಂಡು ಮೊದಲ ವಾಕ್ಯ ಓದಿದೆ. ಎರಡನೆಯದನ್ನು ಓದಬೇಕಾಗಲಿಲ್ಲ, ಅದು ಬಾಯಿಗೇ ಬಂತು. ಆ ಇಂಗ್ಲಿಷ್ ಅವರದ್ದಲ್ಲ. ನನ್ನದು. ಬರೆಯುವಾಗ ನನಗೆ ಹತ್ತೊಂಬತ್ತು ವರ್ಷ.

ಪಾಸ್ಟರಿಗೆ ಚಹಾ ಕೊಟ್ಟು ಕಳಿಸಿದೆ. "ನಿಧಾನ ಮಾಡಿ ಆಂಟಿ, ಟೈಮ್ ಉಂಟು" ಎಂದರು. ನನ್ನ ಪ್ರಾಯದವಳಿಗೆ ಯಾರಾದರೂ ಟೈಮ್ ಉಂಟು ಎಂದರೆ ನಗು ಬರುತ್ತದೆ. ಅವರು ಹೇಳಿದ್ದನ್ನು ಮಾಡಲಿಲ್ಲ. ಅದರ ಬದಲು ಇದನ್ನು ಬರೆಯುತ್ತಿದ್ದೇನೆ.

ನನ್ನ ಅಪ್ಪ ಗುಡ್ಡದ ಮೇಲಿನ ಮಿಷನ್ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುವವರು. ನಾವು ಪ್ರೊಟೆಸ್ಟೆಂಟರು, ಮನೆಮಾತು ತುಳು. ಮಗಳಿಗೆ ಇಂಗ್ಲಿಷ್ ಬರಲೇಬೇಕೆಂದು ಅಪ್ಪ ನನ್ನನ್ನು ಕ್ಯಾಥೊಲಿಕ್ ಸಿಸ್ಟರುಗಳ ಕಾನ್ವೆಂಟಿಗೆ ಹಾಕಿದ್ದರು. ಅಲ್ಲಿ ನಾನು ಟೇಬಲ್ ಮ್ಯಾನರ್ಸ್, ಕ್ರಾಸ್ ಸ್ಟಿಚ್, ಎಸ್ಸೇ ರೈಟಿಂಗ್ ಕಲಿತೆ. ಎಸ್ಸೇಯಲ್ಲಿ ಪ್ರತಿ ವರ್ಷ ಫಸ್ಟ್. ನೆರೆಮನೆಯ ದೊಡ್ಡಮ್ಮ ಅಮ್ಮನ ಹತ್ತಿರ ಹೇಳುತ್ತಿದ್ದರು: "ನಿನ್ನ ಮಗಳು ತುಳುವಿನಲ್ಲಿ ಕಾಲು ತುಳಿದು ಇಂಗ್ಲಿಷಿನಲ್ಲಿ ಸಾರಿ ಹೇಳ್ತಾಳೆ, ಮಾರಾಯ್ತಿ." ಆ ಮಾತಿಗೆ ನಾನು ಹೆಮ್ಮೆಪಟ್ಟುಕೊಂಡದ್ದು ಈಗಲೂ ನೆನಪುಂಟು.

ಶಾಲೆ ಮುಗಿದ ಮೇಲೆ, ಐವತ್ತರ ದಶಕದ ಕೊನೆಗೆ, ಪ್ರೆಸ್ಸಿನಲ್ಲಿಯೇ ನನಗೊಂದು ಕೆಲಸ ಸಿಕ್ಕಿತು. ಪ್ರೆಸ್ಸಿನ ಹಿಂಭಾಗದಲ್ಲಿ ಅನುವಾದದ ಕೋಣೆ. ಅಲ್ಲಿ ಮುನ್ಶಿಯವರು ಹೇಳಿದ್ದನ್ನು ಬರೆದು, ಮತ್ತೆ ಚಂದದ ಅಕ್ಷರದಲ್ಲಿ ಫೇರ್ ಕಾಪಿ ಮಾಡಬೇಕು.

ಮುನ್ಶಿ ಎಂದರೆ ಭಾಷೆ ಕಲಿಸುವವರು. ಮಿಷನಿನ ಕಾಂಪೌಂಡಿನಲ್ಲಿ ಎಲ್ಲರೂ ಅವರನ್ನು ಹಾಗೆಯೇ ಕರೆಯುತ್ತಿದ್ದರು. ಅದಕ್ಕೂ ಹಿಂದೆ, ನಾನು ಹುಟ್ಟುವ ಮೊದಲು, ಅವರು ಮುಸ್ಲಿಯಾರ್ ಆಗಿದ್ದರು: ಹೊಳೆಬದಿಯ ಒಂದು ಸಣ್ಣ ಮಸೀದಿಯಲ್ಲಿ ನಮಾಜು ಮಾಡಿಸಿ, ಮಕ್ಕಳಿಗೆ ಖುರಾನ್ ಓದಿಸುವ ಗುರು. ನನಗೆ ಗೊತ್ತಾಗುವಾಗ ಅವರಿಗೆ ಅರುವತ್ತು ದಾಟಿತ್ತು. ಬಿಳಿ ಗಡ್ಡ, ಬಿಳಿ ಮುಂಡು, ಮಂಡಿಯವರೆಗಿನ ಶರ್ಟು. ಕ್ರೈಸ್ತರಾದರೂ ತಲೆಗೆ ಏನಾದರೂ ಸುತ್ತದೆ ಅವರು ಗ್ರಂಥ ಮುಟ್ಟುತ್ತಿರಲಿಲ್ಲ. ಕಾಗದದ ಚೂರು ನೆಲದಲ್ಲಿ ಕಂಡರೆ ಬಗ್ಗಿ ಎತ್ತುತ್ತಿದ್ದರು. ಕಣ್ಣಿಗೆ ಪೊರೆ ಬಂದಿತ್ತು. ಅದಕ್ಕೇ ಅವರಿಗೆ ನಾನು ಬೇಕಾದದ್ದು.

ಅವರು ಬೈಬಲಿನ ಸುವಾರ್ತೆಯನ್ನು ಬ್ಯಾರಿ ಮಾತಿಗೆ ತರುತ್ತಿದ್ದರು. ಗುಡ್ಡದ ಕೆಳಗಿನ ಕುದ್ರೋಳಿ, ಬಂದರು ಕೇರಿಗಳ ಮುಸಲ್ಮಾನರು ಮನೆಯಲ್ಲಿ ಆಡುವ ಮಾತು ಅದು. ಆಗ ಅದರಲ್ಲಿ ಅಚ್ಚಾದ ಪುಸ್ತಕ ನಾವು ಯಾರೂ ನೋಡಿರಲಿಲ್ಲ. ಕನ್ನಡ ಲಿಪಿಯಲ್ಲಿ ಬರೆಯುವುದೆಂದು ಗೊತ್ತುಮಾಡಿದ್ದರು. ಅವರು ಕೋಣೆಯ ಉದ್ದಕ್ಕೂ ನಡೆಯುತ್ತಾ ಒಂದೊಂದು ವಾಕ್ಯ ಹೇಳುವುದು, ನಾನು ಬರೆಯುವುದು, ಓದಿ ಹೇಳುವುದು. ಕೇಳಿ ಕೇಳಿ ನನಗೂ ಆ ಮಾತು ಅರ್ಧ ಅರ್ಥವಾಗತೊಡಗಿತು.

ಆದರೆ ಕೆಲಸ ಮುಂದೆ ಹೋಗುತ್ತಿರಲಿಲ್ಲ. ಕಾರಣ ಕೇಳಿದರೆ ಈಗಲೂ ಆಶ್ಚರ್ಯ. ಅರಬ್ಬಿಯಲ್ಲಿ ಪಂಡಿತರಾದ ಈ ಮನುಷ್ಯನಿಗೆ ಅಡುಗೆಮನೆಯ ಮಾತು ಬರುತ್ತಿರಲಿಲ್ಲ. ಸಣ್ಣ ಪ್ರಾಯದಲ್ಲೇ ಓದಲು ಮಸೀದಿಗೆ ಹೋದವರು, ಆಮೇಲೆ ಕಾಂಪೌಂಡಿಗೆ ಬಂದವರು. ಸುವಾರ್ತೆಯಲ್ಲೋ ತುಂಬ ಹೆಂಗಸರ ಕೆಲಸ. ಹಿಟ್ಟಿಗೆ ಹುಳಿ ಬೆರೆಸುವವಳು, ಹಳೆ ಬಟ್ಟೆಗೆ ತೇಪೆ ಹಾಕುವವಳು, ಕಳೆದ ನಾಣ್ಯಕ್ಕೆ ಮನೆಯೆಲ್ಲ ಗುಡಿಸುವವಳು. "ನೋಡು ಮಗಾ," ಎನ್ನುತ್ತಿದ್ದರು ಮುನ್ಶಿಯವರು, "ಸ್ವರ್ಗಕ್ಕೆ ನನ್ನಲ್ಲಿ ಆರು ಮಾತು ಉಂಟು. ಪೊರಕೆಗೆ ಒಂದೂ ಇಲ್ಲ."

ಪೊರಕೆಯ ಮಾತು ತರುತ್ತಿದ್ದವಳು ಮೀನಿನಕ್ಕ. ಹೊಳೆಯಾಚೆಯ ಬೆಂಗ್ರೆಯಿಂದ ದೋಣಿ ದಾಟಿ, ಬುಟ್ಟಿ ಹೊತ್ತು ಮೊದಲು ಕುದ್ರೋಳಿಯ ಮನೆಗಳಿಗೆ, ಆಮೇಲೆ ಗುಡ್ಡ ಹತ್ತಿ ನಮ್ಮ ಕಾಂಪೌಂಡಿಗೆ ಬರುತ್ತಿದ್ದಳು. ಕುದ್ರೋಳಿಯಲ್ಲಿ ಅವಳು ಮೀನು ಕೊಡುವ ಒಂದು ಮನೆ ಮುನ್ಶಿಯವರ ತಂಗಿಯದ್ದು. ತಂಗಿಯ ಗಂಡನಿಗೆ ಬಂದರಿನಲ್ಲಿ ಒಣಮೀನಿನ ವ್ಯಾಪಾರ. ಮತ ಬಿಟ್ಟುಹೋದ ಭಾವನ ಹೆಸರು ಆ ಮನೆಯಲ್ಲಿ ಎತ್ತುವಂತಿಲ್ಲ. ಆದರೂ ತಂಗಿ ವರ್ಷಕ್ಕೆ ಎರಡು ಸಲ, ಪೆರ್ನಾಲ್ ಅಂದರೆ ಈದ್ ಹಬ್ಬದ ಮರುದಿನ, ಒಂದು ಮುಚ್ಚಳದ ಪಾತ್ರೆಯನ್ನು ಬಟ್ಟೆಯಲ್ಲಿ ಕಟ್ಟಿ ಮೀನಿನಕ್ಕನ ಕೈಗೆ ಕೊಡುತ್ತಿದ್ದಳು. ಅಕ್ಕ ಅದನ್ನು ತನ್ನದೇ ಬುತ್ತಿ ಎಂಬಂತೆ ಸೊಂಟಕ್ಕೊತ್ತಿಕೊಂಡು ತರುತ್ತಿದ್ದಳು. ಅಣ್ಣ ತಂಗಿ ಇಪ್ಪತ್ತೈದು ವರ್ಷಗಳಿಂದ ಮುಖ ನೋಡಿರಲಿಲ್ಲ. ಆ ಪಾತ್ರೆ ಮಾತ್ರ ಒಂದು ಪೆರ್ನಾಲಿಗೂ ತಪ್ಪಿರಲಿಲ್ಲ.

ಅನುವಾದ ಶುರುವಾದ ಮೇಲೆ ಪಾತ್ರೆಯ ದಾರಿಯಲ್ಲೇ ಪ್ರಶ್ನೆಗಳೂ ಹೋಗತೊಡಗಿದವು. ಮುನ್ಶಿಯವರ, ಮೀನಿನಕ್ಕನ ಮಾತುಕತೆ ತುಳುವಿನಲ್ಲಿ, ಇಲ್ಲಿ ಕನ್ನಡ ಮಾಡಿ ಬರೆಯುತ್ತೇನೆ.

"ಅಕ್ಕಾ, ನಾಳೆಯ ರೊಟ್ಟಿಗೆಂದು ಇವತ್ತಿನ ಹಿಟ್ಟಿನಲ್ಲಿ ಸ್ವಲ್ಪ ತೆಗೆದಿಡ್ತಾರಲ್ಲ, ಅದಕ್ಕೆ ಎಂತ ಹೇಳ್ತಾರೆ ಕೇಳಿಕೊಂಡು ಬಾ."

"ಮೊನ್ನೆ ಪೊರಕೆ, ನಿನ್ನೆ ತೇಪೆ, ಇವತ್ತು ಹುಳಿಹಿಟ್ಟು! ಮುನ್ಶಿಯವರೇ, ನೀವು ಪುಸ್ತಕ ಬರೆಯುವುದಾ, ಮದುವೆ ಮಾಡಿಕೊಳ್ಳುವುದಾ?"

ಮರುದಿನ ಬಂಗುಡೆಯ ಜೊತೆ ಉತ್ತರ ಬರುತ್ತಿತ್ತು. ಬರಿಯ ಉತ್ತರವಲ್ಲ, ತಂಗಿಯ ತಕರಾರೂ ಸೇರಿ. ನಾಣ್ಯ ಕಳಕೊಂಡವಳು ದೀಪ ಹಚ್ಚಿ ಮನೆ ಗುಡಿಸಿದಳು ಎಂದು ಕೇಳಿ ಆಕೆ ಹೇಳಿ ಕಳಿಸಿದ್ದಳು: "ಆ ಕಥೆ ಬರೆದವನಿಗೆ ಹೆಂಗಸರ ಸುದ್ದಿ ಗೊತ್ತಿಲ್ಲ. ಮೊದಲು ಸೊಸೆಯನ್ನು ಬೈಯ್ಯದೆ ಯಾರಾದರೂ ಪೊರಕೆ ಹಿಡಿಯುತ್ತಾರಾ?" ಮುನ್ಶಿಯವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಹೀಗೆ ಬಂದ ಮಾತುಗಳನ್ನು ನಾನು ಬರೆದ ದಿನ ವಾಕ್ಯ ತಾನೇ ಎದ್ದು ನಡೆಯುತ್ತಿತ್ತು. ತಂಗಿಗೆ ಅದು ಯಾವ ಪುಸ್ತಕಕ್ಕೆಂದು ಗೊತ್ತಿತ್ತೋ ಎಂದು ಒಮ್ಮೆ ಕೇಳಿದೆ. "ಗೊತ್ತಿಲ್ಲದೆ ಎಂತ," ಎಂದರು. "ಆದರೆ ಅವಳು ಕೇಳಿದ್ದಿಲ್ಲ. ನಾನು ಹೇಳಿದ್ದಿಲ್ಲ. ಹುಳಿಹಿಟ್ಟು ಎಲ್ಲರ ಮನೆಯಲ್ಲಿ ಹುಳಿಹಿಟ್ಟೇ ಅಲ್ವಾ?"

ಇಷ್ಟು ಒಳ್ಳೆಯದನ್ನು ನಾನು ಹಾಳುಮಾಡಿದೆ.

ಮಿಷನಿನಲ್ಲಿ ಆಗ ಒಬ್ಬರು ಬಿಳಿಯ ಮೇಡಂ ಇದ್ದರು. ಪ್ರೆಸ್ಸಿನ ಪತ್ರವ್ಯವಹಾರ ಅವರದ್ದು. ಒಳ್ಳೆಯವರೇ. ನನ್ನ ಇಂಗ್ಲಿಷ್ ಅವರಿಗೆ ಇಷ್ಟ. ಮದರಾಸಿನ ಟ್ರೈನಿಂಗ್ ಕಾಲೇಜಿಗೆ ನನ್ನ ಹೆಸರು ಕೊಡುತ್ತೇನೆಂದು ಹೇಳಿದ್ದರು. ಹುಡುಗಿಯೊಬ್ಬಳು ರೈಲು ಹತ್ತಿ ಮದರಾಸಿಗೆ ಓದಲು ಹೋಗುವುದೆಂದರೆ ಆ ಕಾಲದಲ್ಲಿ ನಮ್ಮ ಸಾಲುಮನೆಗಳಲ್ಲಿ ಅದಕ್ಕಿಂತ ದೊಡ್ಡದು ಏನೂ ಇರಲಿಲ್ಲ. ಒಂದು ದಿನ ಕರೆದು, ತಮ್ಮ ದೇಶದ ಸಭೆಯ ಮ್ಯಾಗಝೀನಿಗೆ ಮುನ್ಶಿಯ ಜೀವನ ಬರೆದುಕೊಡು ಎಂದರು. ಅವರೇ ಹೇಳಿದಂತೆ, ನಾನು ನಾನು ಎಂದು.

ನಾನು ಮುನ್ಶಿಯವರನ್ನು ಕೇಳಿದೆ. ಮೂರು ಮಧ್ಯಾಹ್ನ ಕೂತು ಹೇಳಿದರು. ಪೇಟೆಯಲ್ಲಿ ಮಿಷನಿನ ಬೋಧಕರು ಹಂಚಿದ ಒಂದು ಅರಬ್ಬಿ ಪುಸ್ತಿಕೆ ಮಸೀದಿಯ ಹಿರಿಯರ ಕೈಗೆ ಬಂತಂತೆ. ಇದಕ್ಕೆ ಉತ್ತರ ಬರೆಯಿರಿ ಎಂದು ಅವರು ಇವರಿಗೇ ಕೊಟ್ಟರಂತೆ. "ಉತ್ತರ ಬರೆಯಲಿಕ್ಕೆ ಕೂತವನು ಪ್ರಶ್ನೆಯ ಒಳಗೇ ಉಳಿದೆ, ಮಗಾ. ಏಳು ವರ್ಷ ಉಳಿದೆ."

"ಹೊಡೆದರಾ ನಿಮಗೆ?" ನಾನು ಪೆನ್ಸಿಲ್ ಹಿಡಿದು ಕಾದಿದ್ದೆ.

"ಯಾರು ಹೊಡೆಯುವುದು? ಊರಿನ ಮಕ್ಕಳಿಗೆ ಹೊಡೆಯುವವನು ನಾನೇ ಅಲ್ವಾ!" ನಕ್ಕರು. ಮತ್ತೆ, "ಸಲಾಂ ಹೇಳಿದರೆ ತಿರುಗಿ ಸಲಾಂ ಬರಲಿಲ್ಲ. ಅಷ್ಟೇ," ಎಂದರು.

ಎಲ್ಲರಿಗಿಂತ ಮೊದಲು ಅವರು ಹೇಳಿದ್ದು ತಾಯಿಗೆ. ಉಮ್ಮ ಗಂಜಿ ಬಸಿಯುತ್ತಿದ್ದರಂತೆ. ನಿಶ್ಚಯವಾ ಎಂದು ಒಂದೇ ಸಲ ಕೇಳಿದರಂತೆ. ಹೌದೆಂದಾಗ, "ಹಾಗಾದ್ರೆ ಉಂಡು ಹೋಗು, ಹಸಿದು ಹೋಗಬೇಡ" ಎಂದು ಗಂಜಿ ಬಡಿಸಿದರು. ಒಣಮೀನಿನ ಚಟ್ನಿ ಅರೆದು ಹಾಕಿದರು. ಮಗ ಉಂಡ ಮೇಲೆ ಬಟ್ಟಲನ್ನು ತಾವೇ ತೊಳೆದು ಕವುಚಿ ಇಟ್ಟರು. ಮತ್ತೆ ತಿರುಗಿ ನೋಡಲಿಲ್ಲ. ಇವರು ಎದುರಿನ ಬಾಗಿಲಿನಿಂದಲೇ, ಹಾಡುಹಗಲು, ಹೊರಟು ಬಂದರು. ಕೆಲವು ವರ್ಷದಲ್ಲಿ ಉಮ್ಮ ತೀರಿಕೊಂಡರು. ಮಣ್ಣಿಗೆ ಹೋಗಲು ಇವರಿಗೆ ಆಗಲಿಲ್ಲ.

"ಚಟ್ನಿಯ ಸಂಗತಿ ಬರೆಯಬೇಡ," ಎಂದಿದ್ದರು. "ಅದು ನಿನಗೆ ಮಾತ್ರ ಹೇಳಿದ್ದು."

ನಾಲ್ಕು ಪುಟ ಇಂಗ್ಲಿಷಿನಲ್ಲಿ ಬರೆದು ಮೇಡಂಗೆ ಕೊಟ್ಟೆ. ಚಟ್ನಿ ಬಿಟ್ಟಿದ್ದೆ. ಅವರು ಓದಿ, ಕನ್ನಡಕ ತೆಗೆದು, ಬಹಳ ಸೌಮ್ಯವಾಗಿ ಹೇಳಿದರು: "ವೆರಿ ನೈಸ್, ಮೈ ಡಿಯರ್. ಬಟ್ ವೇರ್ ಈಸ್ ದ ಸಫರಿಂಗ್?"

ಚೆನ್ನಾಗುಂಟು, ಆದರೆ ಕಷ್ಟ ಎಲ್ಲುಂಟು? ಅಷ್ಟೇ ಅವರು ಕೇಳಿದ್ದು. ಸುಳ್ಳು ಬರೆ ಎಂದು ಹೇಳಲಿಲ್ಲ. ಇದನ್ನು ನಾನು ಸ್ಪಷ್ಟವಾಗಿ ಬರೆಯಬೇಕು, ಯಾಕೆಂದರೆ ಎಷ್ಟೋ ವರ್ಷ ನನ್ನೊಳಗೆ ನಾನು ಅವರ ಮೇಲೆಯೇ ಹಾಕುತ್ತಾ ಬಂದಿದ್ದೆ. ಎಸ್ಸೇ ಬುಕ್ಕಿಗೆ ಯಾರೋ ಗುಡ್ ಎಂದು ಮಾತ್ರ ಬರೆದು ಎಕ್ಸೆಲೆಂಟ್ ಬರೆಯದೆ ಹಿಂದೆ ಕೊಟ್ಟ ಹಾಗಾಯಿತು ನನಗೆ. ಮನೆಗೆ ಹೋಗಿ ಮತ್ತೆ ಬರೆದೆ. ಕಾನ್ವೆಂಟಿನಲ್ಲಿ ಸಂತರ ಕಥೆಗಳನ್ನು ಎಷ್ಟು ಓದಿದ್ದೆನೋ! ಕಷ್ಟ ಎಂದರೆ ಹೇಗಿರಬೇಕೆಂದು ನನಗೆ ಗೊತ್ತಿತ್ತು. ಗಂಜಿಯ ಬಟ್ಟಲು ಹೇಗೂ ಇತ್ತು. ಅದರ ಬದಿಗೆ ಒಣಮೀನಿನ ಚಟ್ನಿಯನ್ನೂ ಇಟ್ಟೆ, ವಿವರ ನಿಜವಾಗಿ ಕಾಣಲಿ ಎಂದು. ಆ ಚಟ್ನಿಯಲ್ಲಿ ವಿಷ ಹಾಕಿದೆ. ತಾಯಿಯ ಕೈ ನಡುಗಿದ್ದನ್ನು ಮಗ ಕಂಡ. ಉಣ್ಣದೆ ಬಟ್ಟಲು ನೆಲಕ್ಕಿಟ್ಟ. ಮನೆಯ ಬೆಕ್ಕು ಬಂದು ನೆಕ್ಕಿತು, ಎರಡು ಸಲ ಸುತ್ತಿ ಬಿದ್ದು ಸತ್ತಿತು. ಮಗ ಹಿಂಬಾಗಿಲಿನಿಂದ ಓಡಿದ.

ಬೆಕ್ಕಿನ ಬಗ್ಗೆ ನನಗೆ ಬಹಳ ಪ್ರೈಡ್ ಇತ್ತು.

ಮೇಡಂ ಕಣ್ಣೊರೆಸಿಕೊಂಡರು. ಪಾಪ, ಅವರು ಅದನ್ನು ನಂಬಿದರು. ಮೊದಲ ಸಲ ಹೇಳಲು ಮುನ್ಶಿಗೆ ಸಂಕೋಚವಾಗಿರಬೇಕೆಂದು ತಿಳಿದರು. "ಅವರಿಗೆ ಓದಿ ಹೇಳಿ ಸಹಿ ತಾ" ಎಂದರು.

ಈಗ ಬರೆಯುವುದು ನನ್ನ ಕೈಗೆ ಭಾರ. ಪ್ರೆಸ್ಸಿನ ಜಗಲಿಯಲ್ಲಿ ಮುನ್ಶಿಯವರು ಕಣ್ಣು ಮುಚ್ಚಿ ಕೂತಿದ್ದರು. ನನ್ನ ಕೈಯಲ್ಲಿ ಎರಡೂ ಬರಹಗಳಿದ್ದವು. ಮೊದಲಿನದನ್ನು, ನಿಜವಾದದ್ದನ್ನು, ಕನ್ನಡ ಮಾಡಿ ಓದಿ ಹೇಳಿದೆ. ಉಮ್ಮನ ಮಾತು ಬಂದಾಗ ಅವರು ತಲೆ ತೂಗಿದರು. "ಒಳ್ಳೇದು ಬರೆದಿದ್ದಿ, ಮಗಾ. ಉಮ್ಮನಿಗೆ ನೋವಾಗದ ಹಾಗೆ ಬರೆದಿದ್ದಿ." ಮತ್ತೆ ನಾನು ಎರಡನೆಯದನ್ನು ಅವರ ಪೆನ್ನಿನ ಕೆಳಗಿಟ್ಟೆ. ಎಲ್ಲಿ ಹಾಕಬೇಕೆಂದು ಬೆರಳು ಹಿಡಿದು ತೋರಿಸಿದೆ. ಅವರು ಸಹಿ ಹಾಕಿದರು. ಅಕ್ಷರಗಳು ಗೆರೆ ಬಿಟ್ಟು ಮೇಲಕ್ಕೆ ಹತ್ತಿಹೋಗಿದ್ದವು.

ಸಮುದ್ರದಾಚೆಯ ಪತ್ರಿಕೆ ತಾನೇ, ಇಲ್ಲಿ ಯಾರು ಓದುತ್ತಾರೆ ಎಂದುಕೊಂಡಿದ್ದೆ. ಆರೇಳು ತಿಂಗಳಲ್ಲಿ ಅದು ಅಚ್ಚಾಗಿ ಬಂತು. ಅದನ್ನು ಓದಿ ಮೆಚ್ಚಿದ ಯಾರೋ ಇಲ್ಲಿಯ ಕನ್ನಡ ಮಾಸಪತ್ರಿಕೆಗೆ ಅನುವಾದ ಮಾಡಿ ಹಾಕಿದರು. ಆ ಮಾಸಪತ್ರಿಕೆ ಬಂದರಿನ ಒಂದು ಅಂಗಡಿಗೆ ಹೇಗೋ ಬಂತು. ಅಲ್ಲಿಯ ಗುಮಾಸ್ತ ಅದನ್ನು ಗಟ್ಟಿಯಾಗಿ ಓದಿದ. ಕೇಳಿದವರಲ್ಲಿ ಒಬ್ಬರು ಮುನ್ಶಿಯವರ ತಂಗಿಯ ಗಂಡ. ಗಿರಾಕಿಗಳೆಲ್ಲ ಅವರ ಮುಖ ನೋಡಿದರಂತೆ.

ಇದೆಲ್ಲ ನಮಗೆ ತಿಳಿದದ್ದು ಮೀನಿನಕ್ಕನ ಬಾಯಿಂದ. ಆ ದಿನ ಅವಳು ಬುಟ್ಟಿ ಇಳಿಸಲಿಲ್ಲ. ತಲೆಯ ಮೇಲೆ ಬುಟ್ಟಿ ಇದ್ದ ಹಾಗೆಯೇ ಅಂಗಳದಲ್ಲಿ ನಿಂತು ಕೂಗಿದಳು.

"ಎಂತ ಮುನ್ಶಿಯವರೇ ನೀವು ಬರೆಸಿದ್ದು? ಹೆತ್ತವಳು ನಿಮಗೆ ವಿಷ ಹಾಕಿದಳಾ? ಸತ್ತು ಮಣ್ಣಾದವಳ ಹೆಸರು ಪೇಪರಿನಲ್ಲಿ ಹಾಕಿದಿರಾ?"

"ಯಾರು ಹೇಳಿದ್ದು?" ಮುನ್ಶಿಯವರು ಎದ್ದು ನಿಂತರು.

"ಇಡೀ ಬಂದರು ಹೇಳ್ತಾ ಉಂಟು! ನಿಮ್ಮ ತಂಗಿ ಹೇಳಿದ್ದು ಕೇಳಿ. ಇನ್ನು ಮಾತೂ ಇಲ್ಲ, ಪಾತ್ರೆಯೂ ಇಲ್ಲ. ವಿಷ ಉಂಟೆಂದು ಹೇಳಿದವನಿಗೆ ಈ ಮನೆಯ ಅನ್ನ ಯಾಕೆ, ಅಂತ." ಅವಳಿಗೆ ಅಳು ಬಂತು. "ನಾನು ಹೊತ್ತು ತಂದದ್ದು ವಿಷವಾ, ಇಷ್ಟು ವರ್ಷ?"

ಅವಳು ಹೋದ ಮೇಲೆ ಮುನ್ಶಿಯವರು ಆ ಮಾಸಪತ್ರಿಕೆ ತರಿಸಿ ನನ್ನ ಕೈಗೆ ಕೊಟ್ಟರು. ಓದು ಎಂದರು. ಈ ಸಲ ಓದದೆ ದಾರಿಯಿರಲಿಲ್ಲ. ಮುಗಿದಾಗ ಅವರು ಕೇಳಿದ್ದು ಒಂದೇ.

"ಬೆಕ್ಕು ಯಾರದ್ದು?"

ನಾನು ಪತ್ರಿಕೆಯನ್ನು ಮಡಚಿದೆ.

"ನಮ್ಮ ಮನೆಯಲ್ಲಿ ಬೆಕ್ಕೇ ಇರಲಿಲ್ಲ. ಉಮ್ಮನಿಗೆ ಬೆಕ್ಕಿನ ರೋಮ ಆಗುತ್ತಿರಲಿಲ್ಲ, ಕೆಮ್ಮು ಬರುತ್ತಿತ್ತು. ಯಾರು ತಂದರು ಬೆಕ್ಕನ್ನು?"

"ಮೇಡಂ ಸೇರಿಸಿರಬೇಕು," ಎಂದೆ.

ಅವರು ನನ್ನ ಕಡೆ ತಿರುಗಿದರು. ಕಾಣುತ್ತಿರಲಿಲ್ಲ, ಆದರೂ ತಿರುಗಿದರು. "ಮೇಡಂಗೆ ಒಣಮೀನಿನ ಚಟ್ನಿ ಗೊತ್ತಿಲ್ಲ, ಮಗಾ. ಅದು ನಿನಗೆ ಮಾತ್ರ ಹೇಳಿದ್ದು."

ಬೈದಿದ್ದರೆ ಅತ್ತುಬಿಡುತ್ತಿದ್ದೆ. ಅವರು ಬೈಯಲಿಲ್ಲ. ಒಂದು ಸಹಾಯ ಕೇಳಿದರು. "ಬರುವ ಮಂಗಳವಾರ ತಂಗಿಯ ಮನೆಗೆ ಹೋಗುತ್ತೇನೆ. ಇಪ್ಪತ್ತೈದು ವರ್ಷ ಆ ಬಾಗಿಲಿಗೆ ಹೋಗಿಲ್ಲ. ನನ್ನ ಮಾತನ್ನು ಈಗ ಯಾರೂ ನಂಬುವುದಿಲ್ಲ. ಸಹಿ ನನ್ನದಲ್ವಾ? ನೀನು ಬಂದು ಬಾಗಿಲಲ್ಲಿ ನಿಂತು ಹೇಳಿದರೆ ಸಾಕು. ಬರೆದದ್ದು ನಾನು, ಇವರು ಹೇಳಿದ್ದಲ್ಲ, ಅಂತ. ಅಷ್ಟೇ. ಒಳಗೆ ಬರುವುದು ಬೇಡ."

ಬರ್ತೇನೆ ಎಂದೆ. ಆಣೆ ಮಾಡಿ ಹೇಳಿದೆ.

ಸೋಮವಾರ ಸಂಜೆ ಮೇಡಂ ಕರೆದು, ಮದರಾಸಿನಿಂದ ಕಾಗದ ಬಂದಿದೆ, ಜೂನಿನಲ್ಲಿ ಹೊರಡಬೇಕು ಎಂದರು. ಆ ಕಾಗದದಲ್ಲಿ ನನ್ನ ಕ್ಯಾರೆಕ್ಟರ್ ಬಗ್ಗೆ ಅವರು ಬರೆದದ್ದನ್ನು ನನಗೇ ಓದಿ ಹೇಳಿದರು. ಟ್ರೂತ್‌ಫುಲ್ ಎಂಬ ಮಾತು ಅದರಲ್ಲಿತ್ತು.

ಮಂಗಳವಾರ ಬೆಳಿಗ್ಗೆ ನಾನು ತಲೆನೋವೆಂದು ಮಲಗಿದೆ. ಕುದ್ರೋಳಿಯಲ್ಲಿ ಹೇಳಿದ್ದು ಸಂಜೆಯೊಳಗೆ ಗುಡ್ಡ ಹತ್ತಿ ಬರುತ್ತದೆ, ಮೇಡಂ ಕಿವಿಗೆ ಬೀಳುತ್ತದೆ, ಮದರಾಸು ಅಲ್ಲಿಗೆ ಮುಗಿಯುತ್ತದೆ, ಇದೇ ಲೆಕ್ಕ. ಅಮ್ಮ ಹಣೆಗೆ ಶುಂಠಿ ಹಚ್ಚಿದರು. ಅದು ಉರಿಯಿತು. ಕಿಟಕಿಯಿಂದ ಕಾಂಪೌಂಡಿನ ಗೇಟು ಕಾಣುತ್ತಿತ್ತು. ಮುನ್ಶಿಯವರು ಇಸ್ತ್ರಿ ಮಾಡಿದ ಶರ್ಟು ಹಾಕಿ ಕೊಡೆ ಹಿಡಿದು ಅಲ್ಲಿ ನಿಂತಿದ್ದರು. ಹತ್ತು ಗಂಟೆಗೆ ಹೊರಡುವುದೆಂದು ಮಾತಾಗಿತ್ತು. ಹನ್ನೊಂದರವರೆಗೆ ನಿಂತರು. ಹೆಜ್ಜೆ ಸದ್ದಾದಾಗಲೆಲ್ಲ ಆ ಕಡೆ ಮುಖ ಮಾಡುತ್ತಿದ್ದರು. ಕೊನೆಗೆ ಕೊಡೆಯ ತುದಿಯಿಂದ ದಾರಿ ತಡವಿಕೊಂಡು ಒಬ್ಬರೇ ಇಳಿದು ಹೋದರು.

ಬಾಗಿಲು ತೆರೆಯಲಿಲ್ಲ. ಅವರು ಹೆಸರು ಹೇಳಿ ಕರೆದರಂತೆ. ಒಳಗಿನಿಂದ ತಂಗಿಯದ್ದೇ ಸ್ವರ: "ಇಲ್ಲಿ ಯಾರೂ ಇಲ್ಲ." ಇದನ್ನು ನನಗೆ ಹೇಳಿದವಳು ಮೀನಿನಕ್ಕ. ನನಗೆಂದೇ ಬಂದು ಹೇಳಿ ಹೋದಳು. "ಇಂಗ್ಲಿಷಮ್ಮಾ, ತಲೆನೋವು ಕಮ್ಮಿ ಆಯ್ತಾ?" ಎಂದು ಕೇಳಿದಳು. ಆಮೇಲೆ ಅವಳು ನಮ್ಮ ಮನೆಗೆ ಮೀನು ಕೊಡಲಿಲ್ಲ.

ಜೂನಿನವರೆಗೆ ನಾನು ಅನುವಾದದ ಕೋಣೆಗೆ ಹೋಗಿ ಬರುತ್ತಿದ್ದೆ. ಮುನ್ಶಿಯವರು ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಹೆಂಗಸರ ಮಾತು ಬೇಕಾದಲ್ಲಿ ಅವರು ನಿಲ್ಲುತ್ತಿದ್ದರು, ಸ್ವಲ್ಪ ಕಾಯುತ್ತಿದ್ದರು, ಮತ್ತೆ ಯಾವುದೋ ಅರಬ್ಬಿ ಮಾತು ಹಾಕಿ ಮುಂದೆ ಹೋಗುತ್ತಿದ್ದರು. ಆ ಮಂಗಳವಾರದ ಬಗ್ಗೆ ಅವರು ಒಮ್ಮೆಯೂ ಕೇಳಲಿಲ್ಲ. ನನ್ನನ್ನು ಮಗಾ ಎಂದು ಕರೆಯುವುದು ಬಿಟ್ಟರು. ಬೇರೆ ಏನೂ ಎನ್ನಲಿಲ್ಲ. ಹೆಸರೂ ಹಿಡಿಯಲಿಲ್ಲ. "ಬರೆಯಿರಿ" ಎನ್ನುತ್ತಿದ್ದರು, ಬಹುವಚನದಲ್ಲಿ.

ನಾನು ಮದರಾಸಿಗೆ ಹೋದೆ. ಟೀಚರ್ ಆಗಿ ಬಂದೆ, ಮದುವೆಯಾಯಿತು. ಪುಸ್ತಕ ಅರುವತ್ತರ ದಶಕದ ನಡುವೆ ಅಚ್ಚಾಯಿತು, ತೆಳ್ಳಗಿನ ಹಸಿರು ರಟ್ಟಿನದ್ದು. ಓದಿ ಕೇಳಿಸಿದ ಕಡೆ ಬ್ಯಾರಿ ಹೆಂಗಸರು, ಇದೆಂತ ಮಸೀದಿಯ ಉಪದೇಶದ ಹಾಗೆ ಉಂಟು, ಅರ್ಥ ಆಗುವುದಿಲ್ಲ ಎಂದರಂತೆ. ಅದರ ಮರುವರ್ಷ ಮುನ್ಶಿಯವರು ತೀರಿಕೊಂಡರು. ಅಂತ್ಯಕ್ರಿಯೆಯಲ್ಲಿ ಆಗಿನ ಪಾಸ್ಟರು ಗಂಜಿಯ ಬಟ್ಟಲಿನ ಕಥೆಯನ್ನು ಪ್ರಸಂಗದಲ್ಲಿ ಹೇಳಿದರು. ಬೆಕ್ಕಿನ ಸಮೇತ. ನಾನು ಮೂರನೆಯ ಬೆಂಚಿನಲ್ಲಿ ಕೂತಿದ್ದೆ.

ಮಣ್ಣು ಮಾಡಿದ ವಾರದಲ್ಲೇ ಕುದ್ರೋಳಿಗೆ ಹೋದೆ. ಈಗ ಹೋಗಲು ಧೈರ್ಯವೇನೂ ಬೇಕಿರಲಿಲ್ಲ. ಮೇಡಂ ತಮ್ಮ ದೇಶಕ್ಕೆ ಹಿಂದಿರುಗಿದ್ದರು, ನನ್ನ ಕೆಲಸ ಪರ್ಮನೆಂಟ್ ಆಗಿತ್ತು. ಬಾಗಿಲು ತೆರೆದವರು ಬಿಳಿ ತಲೆವಸ್ತ್ರದ ತೆಳ್ಳಗಿನ ಮುದುಕಿ. ಹುಬ್ಬು ಮುನ್ಶಿಯವರದ್ದೇ. ಹೊಸ್ತಿಲಲ್ಲಿ ನಿಂತೇ ಎಲ್ಲ ಹೇಳಿದೆ. ಬರೆದದ್ದು ನಾನು. ಅವರು ಹೇಳಿದ್ದಲ್ಲ. ಸಹಿಯನ್ನೂ ಮೋಸದಲ್ಲಿ ಹಾಕಿಸಿದ್ದು.

ಅವರು ಪೂರ್ತಿ ಕೇಳಿದರು. "ನನಗೆ ಗೊತ್ತಿತ್ತು," ಎಂದರು. "ಅಣ್ಣ ಉಮ್ಮನ ಮೇಲೆ ಹಾಗೆ ಹೇಳುವವನಾ? ಬೆಕ್ಕಿನ ಸುದ್ದಿ ಕೇಳಿದಾಗಲೇ ಗೊತ್ತಾಯ್ತು."

"ಮತ್ತೆ ಬಾಗಿಲು..."

"ಗೊತ್ತಿದ್ದದ್ದು ನನಗೆ. ನನ್ನ ಗಂಡನಿಗೆ? ಊರಿಗೆ? ಹೆಣ್ಣುಮಕ್ಕಳು ಮೂವರಿದ್ದರು ಮದುವೆಗೆ. ವಿಷ ಹಾಕುವ ಮನೆ ಅಂತ ಹೆಸರು ಬಂದಿತ್ತು." ಅವರ ಸ್ವರ ಏರಲಿಲ್ಲ. "ಆ ದಿನ ಅಣ್ಣ ಹೊರಗೆ ಹೇಳ್ತಾ ಇದ್ದ, ಒಬ್ಬಳು ಹುಡುಗಿ ಬರ್ತಾಳೆ, ಅವಳೇ ಹೇಳ್ತಾಳೆ, ಸ್ವಲ್ಪ ನಿಲ್ಲಿ ಅಂತ. ನನ್ನ ಗಂಡ ಇಲ್ಲೇ ಒಳಗೆ ಕೂತಿದ್ದರು. ಬರಲಿ, ಬಂದರೆ ತೆಗೆ ಅಂತ ಅವರೇ ಹೇಳಿದ್ದು. ನಾನು ಚಿಲಕಕ್ಕೆ ಕೈ ಇಟ್ಟುಕೊಂಡೇ ನಿಂತಿದ್ದೆ. ಯಾರೂ ಬರಲಿಲ್ಲ."

ನಾನು ತಿರುಗಿ ಹೊರಡಲು ನೋಡಿದೆ. "ನಿಲ್ಲು," ಎಂದರು. "ಮನೆಗೆ ಬಂದವರು ತಿನ್ನದೆ ಹೋಗುವ ಹಾಗಿಲ್ಲ. ಕೂತುಕೋ."

ಒಳಗಿನಿಂದ ಬಟ್ಟಲಲ್ಲಿ ಪತ್ತಿರ್ ತಂದರು, ಅಕ್ಕಿಹಿಟ್ಟಿನ ತೆಳು ರೊಟ್ಟಿ, ಮೇಲೆ ತೆಂಗಿನಹಾಲು. ನನ್ನ ಎದುರು ಇಡುವ ಮೊದಲು, ನನ್ನ ಮುಖ ನೋಡುತ್ತಲೇ, ಒಂದು ತುಂಡು ಮುರಿದು ತಮ್ಮ ಬಾಯಿಗೆ ಹಾಕಿಕೊಂಡರು. ಅಗಿದು ನುಂಗುವವರೆಗೆ ಬಟ್ಟಲು ಅವರ ಕೈಯಲ್ಲೇ ಇತ್ತು.

"ನೋಡು. ನಾನು ತಿಂದೆ. ಇನ್ನು ನೀನು ತಿನ್ನಬಹುದು."

ತಿಂದೆ. ನಾಲಗೆಗೆ ಏನೂ ಹತ್ತಲಿಲ್ಲ.

"ಹೇಗುಂಟು?"

"ಚೆನ್ನಾಗುಂಟು."

"ಉಪ್ಪು ಸರಿ ಉಂಟಾ?"

"ಸರಿ ಉಂಟು," ಎಂದೆ.

"ಉಪ್ಪು ಹಾಕಿಲ್ಲ ಮಗಳೇ," ಎಂದು ಎದ್ದು ಹೋಗಿ ಉಪ್ಪಿನ ಮರಿಗೆ ತಂದು ನನ್ನ ಮುಂದೆ ಇಟ್ಟರು.